ಚಕ್ಕಡಿ ಹೇರಿದಂಗೆ ಟ್ರೇಲರ್ ಹೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ, ಕಾರಿನ ಹಿಂದೆ ಗಾಲಿಮನೆ ಕಟ್ಟಿಕೊಂಡು ಊರೂರು ಸುತ್ತುವವರ ಬಗ್ಗೆ ಎರಡು ಸಾಲು ಬರೆದಿದ್ದೆ ಅಷ್ಟೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಗೊತ್ತಿರಲಿಲ್ಲ. ಅರ್ಧ ಪತ್ರ ಅಮೆರಿಕದಲ್ಲಿ ಮಕ್ಕಳಿರುವ ಅಪ್ಪ-ಅಮ್ಮಂದಿರದು. ಇನ್ನರ್ಧ ಇಲ್ಲೇ ಟ್ರೇಲರ್ ಮಾಡಿಸಬೇಕು ಅನ್ನುವ ಹುರುಪಿನವರದು. ಹಂಗಾಗಿ ಈ ಸಲ ಬೇರೆಲ್ಲ ಬದಿಗಿಟ್ಟು ಇದನ್ನೇ ಹಿಡಿದಿದ್ದೇನೆ. ಗೊತ್ತಿಲ್ಲದವರಿಗೆ: ಟ್ರಾವೆಲ್ ಟ್ರೇಲರ್ ಅಂದರೆ ಸ್ವಂತ ಎಂಜಿನ್ ಇಲ್ಲದ, ಒಳಗೆ ಹಾಸಿಗೆ, ಒಲೆ, ಸಂಡಾಸ ಎಲ್ಲ ಇರುವ ಗಾಡಿ. ಮುಂದೆ ಕಾರೋ ಜೀಪೋ ಎಳೆಯಬೇಕು. ಇದನ್ನೆಲ್ಲ ಹೇಳಲಿಕ್ಕೆ ನೀನು ಯಾರು ಅಂತ ಕೇಳಿದರೆ, ನವಲಗುಂದದ ಕಡೆ ಅಪ್ಪನ ಚಕ್ಕಡಿ ಹೊಡೆದಿದ್ದೇನೆ, ಕಾಕಾನ ಟ್ರ್ಯಾಕ್ಟರ್ ಟ್ರಾಲಿ ಓಡಿಸಿದ್ದೇನೆ, ಮಗಳ ಊರಲ್ಲಿ ಎರಡು ಬೇಸಿಗೆ ಬಾಡಿಗೆ ಟ್ರೇಲರ್ ಎಳೆದಿದ್ದೇನೆ. ಮೂರರಲ್ಲೂ ಬೈಸಿಕೊಂಡಿದ್ದೇನೆ.

ಪ್ರಶ್ನೆ: ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಜೂನ್‌ನಲ್ಲಿ ನಾವು ಹೋದಾಗ ಟ್ರೇಲರ್ ಬಾಡಿಗೆಗೆ ತಗೊಂಡು ಎರಡು ವಾರ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಿ ಬರೋಣ ಅನ್ನುತ್ತಾನೆ. ನಾವಿಬ್ಬರು, ಅವರಿಬ್ಬರು, ಎರಡು ಮೊಮ್ಮಕ್ಕಳು. ನನಗೆ 68, ನಮ್ಮ ಮನೆಯವರಿಗೆ ಮೊಣಕಾಲು ನೋವು. ಗಾಡಿ ಓಡುವಾಗ ಅವರು ಹಿಂದಿನ ಟ್ರೇಲರ್‌ನಲ್ಲಿ ಮಲಗಿಕೊಂಡು ಬರಬಹುದಾ? ಮತ್ತೆ ಇಷ್ಟು ದೂರ ಇದು ಕ್ಷೇಮವಾ?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಮಲಗಿಕೊಂಡು ಬರುವುದು ಬೇಡ. ಐದು ನಿಮಿಷಕ್ಕೂ ಬೇಡ. ಟ್ರೇಲರ್ ಒಳಗೆ ಸೀಟ್ ಬೆಲ್ಟ್ ಇಲ್ಲ, ಗೋಡೆ ತೆಳು ಹಲಗೆಯದು, ಒಳಗಿಂದ ಕೂಗಿದರೆ ಮುಂದೆ ಗಾಡಿ ಓಡಿಸುವವನಿಗೆ ಕೇಳುವುದೂ ಇಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಕಾನೂನೇ ಬಿಡುವುದಿಲ್ಲ. ನಾವು ಟ್ರಾಲಿ ತುಂಬ ಮಂದಿ ಹೇರಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರು, ನಮಗೆ ಇದು ದೊಡ್ಡ ವಿಷಯ ಅನಿಸುವುದಿಲ್ಲ ಖರೆ. ಆದರೆ ಟ್ರಾಲಿ ಮಗುಚಿದ ಸುದ್ದಿ ಓದುವವರೂ ನಾವೇ ಅಲ್ವಾ. ಅವರು ಕಾರಿನಲ್ಲೇ ಕೂರಲಿ. ಎರಡು ತಾಸಿಗೊಮ್ಮೆ ಗಾಡಿ ನಿಲ್ಲಿಸಿ. ನಿಂತಾಗ ಟ್ರೇಲರ್ ಒಳಗೆ ಹೋಗಿ ಕಾಲು ಚಾಚಲಿ, ಚಹಾ ಮಾಡಿಕೊಳ್ಳಲಿ. ಮೊಣಕಾಲು ನೋವಿನವರಿಗೆ ಇನ್ನೊಂದು ಮಾತು: ಟ್ರೇಲರ್‌ನ ಮೆಟ್ಟಿಲು ಎತ್ತರ ಇರುತ್ತವೆ, ಕಿರಿದೂ ಇರುತ್ತವೆ. ಬಾಗಿಲ ಪಕ್ಕ ಹಿಡಿಕೆ ಗಟ್ಟಿ ಇರುವ ಗಾಡಿಯನ್ನೇ ಆರಿಸಲು ಹೇಳಿ. ಮೇಲಿನ ಹಾಸಿಗೆ ಮೊಮ್ಮಕ್ಕಳಿಗಿರಲಿ.

ಇನ್ನು ಕ್ಷೇಮದ ಮಾತು. ನಿಮ್ಮ ಮಗನಿಗೆ ಒಂದೇ ಒಂದು ಪ್ರಶ್ನೆ ಕೇಳಿ: "ನಿನ್ನ ಕಾರು ಎಷ್ಟು ಎಳೆಯುತ್ತದೆ ಅನ್ನುವುದು ಬೇಡ, ಎಷ್ಟು ಹೊರುತ್ತದೆ ಹೇಳು." ಶೋರೂಮಿನವರು ಎಳೆಯುವ ತಾಕತ್ತನ್ನೇ ದೊಡ್ಡದಾಗಿ ಹೇಳುತ್ತಾರೆ. ಹೊರುವ ತಾಕತ್ತು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಮಂದಿ ಮತ್ತು ಸಾಮಾನು ಸೇರಿ ಇಷ್ಟು ಕೆ.ಜಿ. ದಾಟಬಾರದು ಅಂತ ಬರೆದಿರುತ್ತಾರೆ. ಆ ಚೀಟಿಯಲ್ಲಿ 680 ಕೆ.ಜಿ. ಅಂತ ಇದೆ ಅಂದುಕೊಳ್ಳಿ. ನೀವು ಆರು ಜನ 380, ಕಾರೊಳಗಿನ ಚೀಲ-ಪಾಲ 60. ಉಳಿದದ್ದು 240. ಈಗ 2500 ಕೆ.ಜಿ. ಟ್ರೇಲರ್ ಕಟ್ಟಿದಿರಿ ಅಂದರೆ ಅದರ ಮೂತಿ (ಕೊಂಡಿ ಇರುವ ಮುಂದಿನ ತುದಿ) ಕಾರಿನ ಬೆನ್ನ ಮೇಲೆ ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್, ಅಂದರೆ 250ರಿಂದ 375 ಕೆ.ಜಿ. ಕೂರುತ್ತದೆ. ಕಾರು 3 ಟನ್ ಎಳೆಯಬಲ್ಲದು, ಆದರೂ ಲೆಕ್ಕ ತಪ್ಪಿತು ನೋಡಿ. ಇಬ್ಬರೇ ಹೋಗುವಾಗ ಚೆನ್ನಾಗಿದ್ದ ಕಾರು ಆರು ಜನ ಆದಾಗ ಹಿಂದಕ್ಕೆ ಕುಸಿಯುವುದು ಹಿಂಗೆ. ಮುಂದಿನ ಗಾಲಿಗೆ ರಸ್ತೆಯ ಹಿಡಿತ ಕಡಿಮೆಯಾಗುತ್ತದೆ, ಸ್ಟೇರಿಂಗ್ ಹಗುರ ಅನಿಸುತ್ತದೆ. ಹಗುರ ಅನಿಸಿದರೆ ಖುಷಿಪಡಬೇಡಿ. ಚಿಕ್ಕ ಟ್ರೇಲರ್ ಹಿಡಿಯಿರಿ, ಇಲ್ಲವೇ ದೊಡ್ಡ ಪಿಕಪ್ ಹಿಡಿಯಿರಿ. ಟ್ರೇಲರ್ ತೂಕ ಕೇಳುವಾಗಲೂ ಖಾಲಿ ತೂಕ ಕೇಳಬೇಡಿ, ತುಂಬಿದ ತೂಕ ಕೇಳಿ. 150 ಲೀಟರ್ ನೀರು ತುಂಬಿದರೆ ಅಲ್ಲೇ 150 ಕೆ.ಜಿ. ಬಂತು. ನೀರನ್ನು ತಂಗುವ ಜಾಗದಲ್ಲೇ ತುಂಬಿಕೊಂಡರಾಯಿತು.

ಇನ್ನು ದೂರ. ಡಲ್ಲಾಸ್‌ನಿಂದ ಯೆಲ್ಲೋಸ್ಟೋನ್ ಒಂದು ಕಡೆಗೇ 2000 ಕಿ.ಮೀ. ಮೇಲೆ. ಟ್ರೇಲರ್ ಎಳೆಯುವವರಲ್ಲಿ 3-3-3 ಅಂತ ಒಂದು ರೂಢಿ ಇದೆ: ದಿನಕ್ಕೆ 300 ಮೈಲಿಗಿಂತ ಹೆಚ್ಚು ಓಡಿಸಬೇಡ, ಮಧ್ಯಾಹ್ನ 3ಕ್ಕೆ ಊರು ಸೇರು, ಒಂದು ಕಡೆ 3 ದಿನ ಇರು. ಆ ಲೆಕ್ಕದಲ್ಲಿ ಹೋಗಿ ಬರುವುದಕ್ಕೇ ಒಂಬತ್ತು ಹತ್ತು ದಿನ. ಎರಡು ವಾರದಲ್ಲಿ ನೋಡುವುದೇನು, ರಸ್ತೆಯನ್ನಾ? ನಾನಾದರೆ ಸಾಲ್ಟ್ ಲೇಕ್ ಸಿಟಿಗೆ ವಿಮಾನದಲ್ಲಿ ಹೋಗುತ್ತಿದ್ದೆ. ಅಲ್ಲಿಂದ ಉದ್ಯಾನದ ಪಶ್ಚಿಮದ ಬಾಗಿಲು ಸುಮಾರು 320 ಮೈಲಿ, ಒಂದು ದಿನದ ದಾರಿ. ಆದರೆ ಎಳೆಯುವ ಗಾಡಿಯನ್ನೂ ಅಲ್ಲೇ ಬಾಡಿಗೆಗೆ ಹಿಡಿಯಬೇಕು. ಮಾಮೂಲಿ ಬಾಡಿಗೆ ಕಾರಿಗೆ ಟ್ರೇಲರ್ ಕಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ, ಕರಾರು ಪತ್ರದಲ್ಲಿ ಆ ಸಾಲು ಹುಡುಕಲು ಹೇಳಿ.

ಯೆಲ್ಲೋಸ್ಟೋನ್ ಒಳಗೆ ನೀರು, ಕರೆಂಟು, ಸಂಡಾಸದ ಪೈಪು ಮೂರೂ ಸಿಗುವ ಜಾಗ ಫಿಶಿಂಗ್ ಬ್ರಿಜ್ ಒಂದೇ. ಅದು ಬೇಗ ತುಂಬುತ್ತದೆ, ಟಿಕೆಟ್ ತೆಗೆಸುವ ಮುಂಚೆ ಜಾಗ ಹಿಡಿಯಿರಿ. ಎತ್ತರದ ಪ್ರದೇಶ, ಸುಮಾರು 8000 ಅಡಿ. ಜೂನ್ ರಾತ್ರಿಯೂ ಗಡಗಡ ಚಳಿ. ನಮ್ಮ ಹುಬ್ಬಳ್ಳಿ ಸ್ವೆಟರ್ ಸಾಲುವುದಿಲ್ಲ. ಹಂಗೇ ಗ್ಲೇಸಿಯರ್ ಉದ್ಯಾನವನ್ನೂ ಮುಗಿಸೋಣ ಅಂತ ಮಗ ಅಂದರೆ ಹೇಳಿ: ಅಲ್ಲಿನ ಪ್ರಸಿದ್ಧ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಕಾರು, ಟ್ರೇಲರ್ ಸೇರಿಸಿದ ಉದ್ದ ಅದು. ಟ್ರೇಲರ್ ಬಿಟ್ಟು ಬರೀ ಕಾರಲ್ಲಿ ಹೋಗಬೇಕು.

ಪ್ರಶ್ನೆ: ಕೇಳಲು ನಾಚಿಕೆ. ಮಗಳು ಅಳಿಯ ಕರೆದಿದ್ದಾರೆ, ಅದೇ ಟ್ರೇಲರ್ ಪ್ರವಾಸ. ಅದರೊಳಗೇ ಸಂಡಾಸ, ಅದರೊಳಗೇ ಅಡುಗೆ ಅಂತೆ. ಅದನ್ನು ಬಳಿಯುವವರು ಯಾರು? ನಮ್ಮ ಅತ್ತೆ ಮಡಿ ಮಾಡುವವರು.
(ಮಾಳಮಡ್ಡಿ, ಧಾರವಾಡ)

ಉತ್ತರ: ನಾಚಿಕೆ ಯಾಕೆ, ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಇದು. ಬಳಿಯುವುದು ಇಲ್ಲ, ಹರಿಬಿಡುವುದು. ಟ್ರೇಲರ್ ಹೊಟ್ಟೆಯಲ್ಲಿ ಮೂರು ತೊಟ್ಟಿ: ಒಳ್ಳೆಯ ನೀರಿನದು, ಸ್ನಾನ-ಪಾತ್ರೆ ತೊಳೆದ ನೀರಿನದು, ಸಂಡಾಸದ್ದು. ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ತಂಗುವ ಜಾಗದ ನೆಲದಲ್ಲಿ ಒಂದು ಕಿಂಡಿ ಇರುತ್ತದೆ, ದಪ್ಪ ಪೈಪನ್ನು ಅದಕ್ಕೆ ಸೇರಿಸಿ ಮೊದಲು ಸಂಡಾಸದ ತೊಟ್ಟಿ ಬಿಡಬೇಕು, ಆಮೇಲೆ ತೊಳೆದ ನೀರಿನ ತೊಟ್ಟಿ. ಯಾಕೆ ಈ ಕ್ರಮ ಅಂದರೆ ಆ ಸೋಪಿನ ನೀರೇ ಪೈಪು ತೊಳೆದುಬಿಡುತ್ತದೆ. ಒಂದು ಜೊತೆ ಕೈಗವಸು, ಹತ್ತು ನಿಮಿಷ. ಸಂಡಾಸದ ತೊಟ್ಟಿಯ ಕವಾಟ ಯಾವಾಗಲೂ ತೆಗೆದಿಟ್ಟರೆ ನೀರೆಲ್ಲ ಹರಿದು ಹೋಗಿ ಗಟ್ಟಿಯದು ಒಳಗೇ ಒಣಗಿ ಕೂರುತ್ತದೆ, ಆಗ ನಿಜವಾಗಿಯೂ ಬಳಿಯಬೇಕಾಗುತ್ತದೆ. ತುಂಬಿದ ಮೇಲೆ ಒಮ್ಮೆಲೇ ಬಿಡಿ. ಈ ಕೆಲಸ ಅಳಿಯನದು ಅಂತ ಮೊದಲೇ ಮಾತಾಡಿಕೊಳ್ಳಿ. ಅತ್ತೆಯವರಿಗೆ ನೀರಿನ ಬಿಂದಿಗೆ ಬೇರೆ ಇಟ್ಟುಬಿಡಿ. ತಂಗುವ ಜಾಗಗಳಲ್ಲಿ ಸಾರ್ವಜನಿಕ ಬಚ್ಚಲುಮನೆ ಇದ್ದರೆ ಬಿಸಿನೀರೂ ಅಲ್ಲೇ ಸಿಗಬಹುದು. ನಾವು ಬರೀ ರಾತ್ರಿ ಹೊತ್ತು ಒಳಗಿನದನ್ನು ಬಳಸುತ್ತಿದ್ದೆವು.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಚಿಕ್ಕ ಟ್ರೇಲರ್ ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಕು ಅಂತಿದ್ದೇವೆ. ಒಂದೇ ಆ್ಯಕ್ಸಲ್, ಎರಡು ಗಾಲಿ. ಹಾಸಿಗೆ, ಚಿಕ್ಕ ಅಡುಗೆಮನೆ. ಅಡುಗೆಮನೆಯನ್ನು ಹಿಂದಿನ ತುದಿಗೆ ಇಟ್ಟರೆ ಬಾಗಿಲು ಎತ್ತಿ ಹೊರಗೆ ನಿಂತೇ ಅಡುಗೆ ಮಾಡಬಹುದು. ಸರಿನಾ?
(ಗದಗ)

ಉತ್ತರ: ನೋಡಲಿಕ್ಕೆ ಬಹಳ ಚಂದ. ಆದರೆ ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು, ಭಾಂಡೆ, ಅಕ್ಕಿ ಎಲ್ಲ ಬಾಲಕ್ಕೆ ಹೋದವು. ನಿಮ್ಮ ಮನೆಯಲ್ಲಿ ಚಕ್ಕಡಿ ಹೊಡೆದ ಹಿರಿಯರು ಇನ್ನೂ ಇದ್ದರೆ ಈ ನಕ್ಷೆಯನ್ನು ಅವರಿಗೆ ತೋರಿಸಿ, ನನ್ನ ಉತ್ತರವೇ ಬೇಕಾಗುವುದಿಲ್ಲ.

ಚಕ್ಕಡಿಗೆ ಜೋಳದ ಚೀಲ ಹೇರುವಾಗ ಅಪ್ಪ ಪ್ರತಿ ನಾಲ್ಕು ಚೀಲಕ್ಕೊಮ್ಮೆ ಮುಂದೆ ಬಂದು ನೊಗ ಎತ್ತಿ ನೋಡುತ್ತಿದ್ದ. ಹಿಂದೆ ಭಾರ ಜಾಸ್ತಿ ಆದರೆ ನೊಗ ತಾನೇ ಮೇಲೆದ್ದು ಎತ್ತಿನ ಕೊರಳಿಗೆ ಉರುಲು ಬೀಳುತ್ತದೆ. ಮುಂದೆ ಜಾಸ್ತಿ ಆದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಒಬ್ಬ ಗಂಡಾಳು ಸ್ವಲ್ಪ ಉಸಿರು ಬಿಗಿಹಿಡಿದು ಎತ್ತುವಷ್ಟು ಭಾರ ನೊಗದ ಮೇಲಿದ್ದರೆ ಸರಿ. ಟ್ರೇಲರ್ ಲೆಕ್ಕವೂ ಇಷ್ಟೇ, ಕೂದಲೆಳೆ ಫರಕಿಲ್ಲ. ಅಮೆರಿಕದವರು ಇದನ್ನು ಟಂಗ್ ವೇಟ್ ಅನ್ನುತ್ತಾರೆ, ನಾವು ಮೂತಿ ಭಾರ ಅನ್ನೋಣ. ಅವರ ರೂಢಿ ಟ್ರೇಲರ್‌ನ ಒಟ್ಟು ತೂಕದ 10ರಿಂದ 15 ಪರ್ಸೆಂಟ್. ಯುರೋಪಿನಲ್ಲಿ ಚಿಕ್ಕ ಕಾರುಗಳು, ಅವರು ಸುಮಾರು 5ರಿಂದ 7ಕ್ಕೆ ನಿಲ್ಲಿಸುತ್ತಾರೆ, ವೇಗವನ್ನೂ ಕಡಿಮೆ ಇಡುತ್ತಾರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಮೂತಿಗೆ ಇಷ್ಟೇ ಕೆ.ಜಿ. ಅಂತ ಇದ್ದರೆ ಅದೇ ಕೊನೆಯ ಮಾತು. ಟ್ರೇಲರ್ ಎಳೆಯಲೇಬೇಡಿ ಅಂತ ಬರೆದಿದ್ದರೆ ಅದೂ ಕೊನೆಯ ಮಾತು, ಬೇರೆ ಗಾಡಿ ಹುಡುಕಿ.

ಅಳೆಯುವುದು ಸುಲಭ. ನಿಮ್ಮ ಊರಿನ ಯಾವ ವೇ ಬ್ರಿಜ್‌ಗಾದರೂ ಹೋಗಿ, ಹತ್ತಿ-ಶೇಂಗಾ ಗದ್ದಲ ಇಲ್ಲದ ಹೊತ್ತಿನಲ್ಲಿ. ಪ್ರವಾಸಕ್ಕೆ ಹೇಗೆ ತುಂಬುತ್ತೀರೋ ಹಂಗೇ ತುಂಬಿಕೊಂಡು ಹೋಗಬೇಕು. ಮೊದಲು ಕಾರಿನಿಂದ ಬಿಚ್ಚಿ ಇಡೀ ಟ್ರೇಲರನ್ನು ತಟ್ಟೆಯ ಮೇಲೆ ನಿಲ್ಲಿಸಿ ತೂಗಿ. 1000 ಬಂತು ಅಂದುಕೊಳ್ಳಿ. ಆಮೇಲೆ ಕಾರಿಗೆ ಕಟ್ಟಿ, ಕಾರನ್ನು ತಟ್ಟೆಯಿಂದ ಹೊರಗೆ ನಿಲ್ಲಿಸಿ, ಟ್ರೇಲರ್ ಗಾಲಿ ಮಾತ್ರ ತಟ್ಟೆಯ ಮೇಲೆ ಬರುವಂತೆ ಮಾಡಿ ತೂಗಿ. 880 ಬಂದರೆ ಉಳಿದ 120 ಕಾರಿನ ಮೇಲಿದೆ. 12 ಪರ್ಸೆಂಟ್. ಅಮೆರಿಕದ ರೂಢಿಗೆ ಸರಿಯಾಗಿದೆ, ನಿಮ್ಮ ಗಾಡಿ 120 ಹೊರುತ್ತದಾ ಅನ್ನುವುದೊಂದೇ ನೋಡಿಕೊಳ್ಳಬೇಕು. 980 ಬಂದರೆ ಮೂತಿಯಲ್ಲಿ 20 ಕೆ.ಜಿ. ಮಾತ್ರ ಇದೆ. ಆ ಗಾಡಿಯನ್ನು ಹೈವೇಗೆ ತರಬೇಡಿ. ನಿಮ್ಮ ಹಿಂದಿನ ಅಡುಗೆಮನೆ ನಕ್ಷೆಗೆ ನನ್ನ ಅಂದಾಜು ಇದೇ. ಅಡುಗೆಮನೆ ಹಿಂದೆಯೇ ಬೇಕು ಅಂದರೆ ಗಾಲಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, ಸಿಲಿಂಡರ್ ಮತ್ತು ನೀರನ್ನು ಗಾಲಿಗಿಂತ ಮುಂದಕ್ಕೆ, ತಳಕ್ಕೆ ಇಡಿ. ವೆಲ್ಡಿಂಗ್ ಆದ ಮೇಲೆ ಗಾಲಿ ಸರಿಸಲಾಗದು, ಈಗಲೇ ಲೆಕ್ಕ ಹಾಕಿ.

ಕಾಗದದ ಕೆಲಸ: 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು, ಎಳೆಯುವ ಗಾಡಿಯ ನಂಬರು ಟ್ರೇಲರ್ ಹಿಂದೆಯೂ ಕಾಣಬೇಕು. ಕಬ್ಬಿಣ ಕತ್ತರಿಸುವ ಮುಂಚೆ ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿ. ಮಾಡಿಸಿದ ಮೇಲೆ ಹೋದರೆ ಅವರೂ ಏನು ಮಾಡಲಾಗುವುದಿಲ್ಲ, ನೀವೂ ಮಾಡಲಾಗುವುದಿಲ್ಲ. ಬ್ರೇಕ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಟ್ರಾಲಿ ನೋಡಿ ಬೆಳೆದವರ ತೊಂದರೆ ಇದು, ಬ್ರೇಕ್ ಎಂಜಿನ್ ಇದ್ದ ಕಡೆ ಮಾತ್ರ ಅಂದುಕೊಳ್ಳುತ್ತೇವೆ. ಯುರೋಪಿನಲ್ಲಿ 750 ಕೆ.ಜಿ. ತನಕ ಬ್ರೇಕ್ ಇಲ್ಲದ ಟ್ರೇಲರ್‌ಗೆ ಬಿಡುತ್ತಾರೆ, ಮೇಲಾದರೆ ಟ್ರೇಲರ್ ಗಾಲಿಗೇ ಬ್ರೇಕ್ ಇರಬೇಕು. ನೀವೂ ಅದನ್ನೇ ಗೆರೆ ಅಂದುಕೊಳ್ಳಿ. ಕೊಂಡಿಯ ಕೆಳಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡ ಹಾಯುವಂತೆ ಕಟ್ಟಿ. ಕೊಂಡಿ ಕಳಚಿದರೆ ಮೂತಿ ಡಾಂಬರಿಗೆ ಬಡಿಯದೆ ಆ ತೊಟ್ಟಿಲಲ್ಲಿ ಬೀಳುತ್ತದೆ. ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಹಾಕಿಸಲು ಜಿಪುಣತನ ಮಾಡಬೇಡಿ. ರಾತ್ರಿ ದೀಪ ಇಲ್ಲದ ಕಬ್ಬಿನ ಟ್ರಾಲಿ ಎದುರಾದಾಗ ನೀವು ಎಷ್ಟು ಬೈದಿದ್ದೀರಿ, ನೆನಪಿದೆಯಲ್ಲ.

ಪ್ರಶ್ನೆ: ಓಡುವಾಗ ಟ್ರೇಲರ್ ಎಡಕ್ಕೆ ಬಲಕ್ಕೆ ಹಾವಿನಂತೆ ಅಲ್ಲಾಡಲು ಶುರುವಾದರೆ ಏನು ಮಾಡಬೇಕು? ಬ್ರೇಕ್ ಹಾಕಬೇಕಾ, ಇಲ್ಲ ವೇಗ ಹೆಚ್ಚಿಸಿ ನೇರ ಮಾಡಬೇಕಾ? ಇಬ್ಬರು ಎರಡು ಥರ ಹೇಳುತ್ತಾರೆ.
(ಹಾವೇರಿ)

ಉತ್ತರ: ಇಬ್ಬರೂ ತಪ್ಪು. ನಾನೂ ಒಮ್ಮೆ ತಪ್ಪು ಮಾಡಿದವನೇ, ಅದನ್ನು ಹೇಳಿ ಆಮೇಲೆ ಉತ್ತರಕ್ಕೆ ಬರುತ್ತೇನೆ. ಗದಗದಿಂದ ಹುಬ್ಬಳ್ಳಿಗೆ ಮನೆ ಬದಲಿಸುವಾಗ ಜೀಪಿಗೆ ಎರಡು ಗಾಲಿಯ ಟ್ರೇಲರ್ ಕಟ್ಟಿ ಸಾಮಾನು ಹೇರಿದ್ದೆ. ಕಬ್ಬಿಣದ ಕಪಾಟು, ಒರಳು, ಎರಡನ್ನೂ ಕೊನೆಗೆ ಎತ್ತಿದ್ದರಿಂದ ಬಾಲದ ತುದಿಗೆ ಬಂದವು. ಮೊದಲು ಇಳಿಸಲಿಕ್ಕೂ ಅನುಕೂಲ ಅಂತ ನನ್ನ ಜಾಣತನ. ಅಣ್ಣಿಗೇರಿ ಹತ್ತಿರ ಒಂದು ಬಸ್ಸು ಜೋರಾಗಿ ಪಕ್ಕದಲ್ಲಿ ಹಾದು ಹೋಯಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಎಡಕ್ಕೆ ಸರಿಯಿತು, ಬಲಕ್ಕೆ ಬಂತು, ಮತ್ತೆ ಇನ್ನೂ ಜೋರಾಗಿ ಎಡಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಂಗೆ. ನಾನು ಗಾಬರಿಯಾಗಿ ಬ್ರೇಕ್ ಒತ್ತಿದೆ. ಜೀಪು ನಿಧಾನವಾಯಿತು, ಹಿಂದಿನದು ಆಗಲಿಲ್ಲ, ಮುಂದಕ್ಕೆ ನೂಕಿ ಎರಡೂ ಸೇರಿ ಕರಿ ಎರೆಯ ಹೊಲಕ್ಕೆ ಇಳಿದೆವು. ಯಾರಿಗೂ ಏನೂ ಆಗಲಿಲ್ಲ, ಕಪಾಟಿನ ಕನ್ನಡಿ ಮಾತ್ರ ಹೋಯಿತು. ಅಪ್ಪ ಬಂದು ನೋಡಿ ಹೇಳಿದ್ದು ಒಂದೇ ಮಾತು: "ಎತ್ತಿದ್ರ ಊರ ದಾಟೂದ್ರಾಗ ಹೇಳ್ತಿದ್ವು. ಎಂಜಿನ್ನಿಗೆ ಕೊರಳಿಲ್ಲ ನೋಡು, ಅದು ಹೇಳಲಿಲ್ಲ."

ಈಗ ಉತ್ತರ. ಆಕ್ಸಿಲರೇಟರ್‌ನಿಂದ ಕಾಲು ನಿಧಾನವಾಗಿ ತೆಗೆಯಿರಿ. ಸ್ಟೇರಿಂಗ್ ನೇರ ಹಿಡಿಯಿರಿ, ಟ್ರೇಲರ್ ಅಲ್ಲಾಡಿದ ಕಡೆಗೆಲ್ಲ ತಿರುಗಿಸಿ ಸರಿಮಾಡಲು ಹೋಗಬೇಡಿ, ನಿಮ್ಮ ಕೈ ಯಾವಾಗಲೂ ಅರ್ಧ ಸೆಕೆಂಡ್ ತಡ, ಅದರಿಂದ ಅಲ್ಲಾಟ ಹೆಚ್ಚುತ್ತದೆ. ಕಾರಿನ ಬ್ರೇಕ್ ಒತ್ತಬೇಡಿ. ಅಮೆರಿಕದಲ್ಲಿ ಟ್ರೇಲರ್ ಎಳೆಯುವ ಗಾಡಿಯೊಳಗೆ ಸಾಮಾನ್ಯವಾಗಿ ಡ್ರೈವರ್ ಕೈಗೆ ಸಿಗುವಂತೆ ಟ್ರೇಲರ್ ಬ್ರೇಕಿಗೆ ಬೇರೆ ಒಂದು ಗುಂಡಿಯೋ ಹಿಡಿಕೆಯೋ ಇರುತ್ತದೆ, ಅದಿದ್ದರೆ ಅದನ್ನು ಮಾತ್ರ ಮೆಲ್ಲಗೆ ಒತ್ತಿ. ಹಿಂದಿನದು ಜಗ್ಗಿದರೆ ಹಗ್ಗ ಬಿಗಿಯಾದಂತೆ ಎರಡೂ ನೇರ ಬರುತ್ತವೆ. ವೇಗ ಇಳಿದರೆ ಅಲ್ಲಾಟ ತಾನೇ ಸಾಯುತ್ತದೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ, ಭಾರ ಎಲ್ಲಿದೆ ನೋಡಿ, ಹಿಂದಿನದನ್ನು ಮುಂದಕ್ಕೆ ತನ್ನಿ. ಸುಮ್ನೆ "ಹೋಯ್ತು ಬಿಡು" ಅಂತ ಮತ್ತೆ ಅದೇ ವೇಗಕ್ಕೆ ಹೋಗಬೇಡಿ, ಅದು ಮತ್ತೆ ಬರುತ್ತದೆ.

ಇದಕ್ಕೆ ಮುಖ್ಯ ಕಾರಣ ಮೂರು: ಬಾಲದಲ್ಲಿ ಭಾರ, ಜಾಸ್ತಿ ವೇಗ, ಪಕ್ಕದ ಗಾಳಿ. ಗಾಳಿ ನಿಮ್ಮ ಕೈಯಲ್ಲಿಲ್ಲ. ಕಪ್ಪತಗುಡ್ಡದ ಮೇಲೆ ಅಷ್ಟೊಂದು ಗಾಳಿಗಿರಣಿ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಗದಗದಿಂದ ಮುಂಡರಗಿ ಕಡೆ ಎತ್ತರದ ಟ್ರೇಲರ್ ಎಳೆಯುವವರು 60ರ ಮೇಲೆ ಹೋಗದಿದ್ದರೆ ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಕಟ್ಟಿದ ಗಾಡಿಗೆ 55 ಮೈಲಿ ಮಿತಿ, ಅಂದರೆ ಸುಮಾರು 88 ಕಿ.ಮೀ. ಅಷ್ಟು ಅಗಲದ ರಸ್ತೆಯಲ್ಲೇ ಅವರಿಗೆ ಅಷ್ಟು ಸಾಕಾಗಿದೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಟ್ರೇಲರ್ ಎಳೆದುಕೊಂಡು ಹೋಗಬೇಕು. ಅರಬೈಲ್ ಘಾಟ್ ಇಳಿಯುವುದು ಹೇಗೆ?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಹತ್ತುವ ಗೇರಿನಲ್ಲೇ ಇಳಿಯಿರಿ. ಯಲ್ಲಾಪುರ ದಾಟಿದ ಮೇಲೆ, ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಬೇಕು, ಅರ್ಧ ಘಾಟ್ ಇಳಿದ ಮೇಲೆ ಅಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ. ಕಾಲಿಗೆ ಪೆಡಲ್ ಸಿಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎಂಜಿನ್ ಹಿಡಿದಿಡಲಿ, ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟುಬಿಡಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ, ಅರ್ಧ ತಾಸು ಮಂಗಗಳನ್ನು ನೋಡುತ್ತ ಕೂರಿ. ಬಿಸಿ ಬ್ರೇಕಿಗೆ ನೀರು ಸುರಿಯಬೇಡಿ. ತಿರುವಿನಲ್ಲಿ ಟ್ರೇಲರ್ ಗಾಲಿ ಕಾರಿನ ಗಾಲಿಗಿಂತ ಒಳಗೆ ಹಾಯುತ್ತದೆ, ಹಂಗಾಗಿ ಕಾರನ್ನು ಸ್ವಲ್ಪ ಹೊರಗೆ ಒಯ್ದು ತಿರುಗಿಸಬೇಕು, ಆದರೆ ಎದುರಿನ ಲಾರಿಯ ದಾರಿಗೆ ಅಲ್ಲ. ಹಿಂದೆ ಸಾಲು ಬೆಳೆದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಜೋರು ಮಳೆಗಾಲದಲ್ಲಿ ನಾನಂತೂ ಹೋಗುವುದಿಲ್ಲ, ಗುಡ್ಡ ಜರಿದು ಆ ದಾರಿ ಬಂದ್ ಆದದ್ದುಂಟು. ಟ್ರೇಲರ್ ಕಟ್ಟಿಕೊಂಡು ಘಾಟಿನ ನಡುವೆ ಯು-ಟರ್ನ್ ಹೊಡೆಯಲು ಯಾರಿಂದಲೂ ಆಗದು.

ಪ್ರಶ್ನೆ: ರಿವರ್ಸ್ ತೆಗೆಯುವಾಗ ಗಂಡ-ಹೆಂಡಿರ ಜಗಳ. ಎಡ ಅಂದರೆ ಬಲಕ್ಕೆ ಹೋಗುತ್ತದೆ. ಉಪಾಯ ಇದೆಯಾ?
(ಸಪ್ತಾಪುರ, ಧಾರವಾಡ)

ಉತ್ತರ: ಇದೆ. ಸ್ಟೇರಿಂಗ್‌ನ ಮೇಲ್ಭಾಗ ಹಿಡಿಯಬೇಡಿ, ಕೆಳಭಾಗ ಹಿಡಿಯಿರಿ, ಗಡಿಯಾರದ 6 ಇರುವ ಕಡೆ. ಈಗ ಕೈ ಎಡಕ್ಕೆ ಸರಿಸಿದರೆ ಟ್ರೇಲರ್ ಬಾಲ ಎಡಕ್ಕೆ, ಬಲಕ್ಕೆ ಸರಿಸಿದರೆ ಬಲಕ್ಕೆ. ತಲೆ ಓಡಿಸುವ ಕೆಲಸವೇ ಇಲ್ಲ. ಚೂರು ಚೂರೇ ತಿರುಗಿಸಿ. ಕಾರು-ಟ್ರೇಲರ್ ನಡುವೆ ಮೂಲೆ ಬಹಳ ಮಡಚಿದರೆ ರಿವರ್ಸ್‌ನಿಂದ ಅದು ಸರಿಹೋಗುವುದಿಲ್ಲ, ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಶುರು ಮಾಡಿ. ಅದರಲ್ಲಿ ಅವಮಾನ ಏನಿಲ್ಲ, ಅಲ್ಲಿಯವರೂ ಮೂರು ಮೂರು ಸಲ ಎಳೆಯುತ್ತಾರೆ. ಹಿಂದೆ ನಿಂತು ಹೇಳುವವರು ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣುವ ಕಡೆಯೇ ನಿಲ್ಲಬೇಕು. ಕೂಗಾಟ ಬಿಟ್ಟು ಮೊಬೈಲಿನಲ್ಲಿ ಮಾತಾಡಿ. "ಈ ಕಡೆ, ಆ ಕಡೆ" ಅನ್ನಬೇಡಿ, "ಗಿಡದ ಕಡೆ, ಗ್ವಾಡಿ ಕಡೆ" ಅನ್ನಿ. ಭಾನುವಾರ ಬೆಳಿಗ್ಗೆ ಯಾವುದಾದರೂ ಖಾಲಿ ಲೇಔಟ್‌ನಲ್ಲಿ ಎರಡು ತಾಸು ಅಭ್ಯಾಸ ಮಾಡಿದರೆ ಸಂಸಾರ ಉಳಿಯುತ್ತದೆ.

ಪ್ರಶ್ನೆ: ಟ್ರೇಲರ್ ಟೈರ್ ಸ್ವಲ್ಪವೂ ಸವೆದಿಲ್ಲ, ಹೊಸದರಂತೆಯೇ ಇದೆ. ಆದರೂ ಬದಲಿಸಬೇಕು ಅನ್ನುತ್ತಾರೆ.
(ರಾಣೆಬೆನ್ನೂರು)

ಉತ್ತರ: ಟ್ರೇಲರ್ ಟೈರ್ ಸವೆದು ಸಾಯುವುದಿಲ್ಲ, ನಿಂತು ಸಾಯುತ್ತದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3519 ಅಂತಿದ್ದರೆ 2019ರ 35ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಬದಲಿಸಿ. ಗಾಳಿ ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿ. ಹೊಸದಾಗಿ ಹಾಕಿದ ಗಾಲಿಯ ನಟ್ಟುಗಳನ್ನು 80-100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಬೇಕು. ನಿಮ್ಮ ಊರಿನಿಂದ ಹೊರಟರೆ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಆ ಕೆಲಸ. ನಿಂತಾಗಲೆಲ್ಲ ಗಾಲಿಯ ನಡುಭಾಗದ ಹತ್ತಿರ ಕೈಯ ಹಿಂಬದಿ ಹಿಡಿದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಬಿಸಿ ಇದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಲಾಡ್ಜ್ ಇಲ್ಲವಾ?
(ಹೆಸರು, ಊರು ಬರೆದಿಲ್ಲ)

ಉತ್ತರ: ಇವೆ. ಇಬ್ಬರೇ ಆದರೆ ಲಾಡ್ಜೇ ಸರಿ, ನನ್ನ ಮಾತು ಕೇಳಿ. ಟ್ರೇಲರ್ ಕಟ್ಟಿದರೆ ಮೈಲೇಜ್ ಅರ್ಧದ ಹತ್ತಿರ ಬೀಳುತ್ತದೆ, ತಂಗುವ ಜಾಗಕ್ಕೂ ದುಡ್ಡು ಕೊಡಬೇಕು, ಹಂಗಾಗಿ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕಡೆ ಇನ್ನೂ ಟ್ರೇಲರ್ ನಿಲ್ಲಿಸಲೆಂದೇ ಮಾಡಿದ ಜಾಗಗಳು ಸುಲಭಕ್ಕೆ ಸಿಗುವುದೂ ಇಲ್ಲ. ದಾಂಡೇಲಿ ಕಡೆ ಹೋಮ್‌ಸ್ಟೇಗೆ ಫೋನ್ ಮಾಡಿ, "ಗೇಟು ಎಷ್ಟು ಅಗಲ, ಒಳಗೆ ತಿರುಗಿಸಲು ಜಾಗ ಇದೆಯಾ" ಅಂತ ಕೇಳಿಕೊಂಡೇ ಹೊರಡಬೇಕು. ಆದರೆ ಡಯಾಬಿಟಿಸ್ ಇರುವ ಹಿರಿಯರು, ಹೊರಗಿನದು ತಿನ್ನದ ಅತ್ತೆ, ಎರಡು ಚಿಕ್ಕ ಮಕ್ಕಳು ಇರುವ ಮನೆಗೆ ಇದರ ಬೆಲೆ ಬೇರೆ. ಇನ್ಸುಲಿನ್ ಇಡಲು ಸ್ವಂತ ಫ್ರಿಜ್, ಬೇಕಾದಾಗ ಸ್ವಂತ ಸಂಡಾಸ. ಹಿಂದೆ ಸವಾರಿ ಬಂಡಿಗೆ ತಟ್ಟಿ ಕಟ್ಟಿ, ಕೆಳಗೆ ಹುಲ್ಲು ಹಾಸಿ, ಬುತ್ತಿ ಇಟ್ಟುಕೊಂಡು ಬನಶಂಕರಿ ಜಾತ್ರೆಗೆ ಹೋಗುತ್ತಿದ್ದವರನ್ನೂ ಯಾರಾದರೂ ಹಿಂಗೇ ಕೇಳಿರಬೇಕು.

ಪ್ರಶ್ನೆ: ಟ್ರೇಲರ್ ಒಲೆಯ ಮೇಲೆ ಜೋಳದ ರೊಟ್ಟಿ ಆಗುತ್ತದಾ? ಇದೊಂದು ಹೇಳಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ.
(ಲಕ್ಷ್ಮೇಶ್ವರ)

ಉತ್ತರ: ಆಗುತ್ತದೆ, ತೊಂದರೆ ಎರಡು. ಒಂದು, ನಮ್ಮ ಹಂಚು ಆ ಚಿಕ್ಕ ಒಲೆಯನ್ನು ಪೂರ್ತಿ ಮುಚ್ಚುತ್ತದೆ, ಉರಿ ಪಕ್ಕದ ಗೋಡೆಗೆ ಬಡಿಯುತ್ತದೆ. ಚಿಕ್ಕ ಹಂಚು ಒಯ್ಯಿರಿ, ಒಂದು ಕಿಟಕಿ ಮತ್ತು ಮೇಲಿನ ಕಿಂಡಿ ತೆರೆದೇ ಮಾಡಿ. ಮುಚ್ಚಿದ ಡಬ್ಬಿಯಂಥ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಸೇರಬಹುದು, ಅದಕ್ಕೆ ವಾಸನೆ ಇಲ್ಲ. ಅದನ್ನು ಹಿಡಿಯುವ ಅಲಾರಂ ಒಳಗೆ ಇದೆಯಾ, ಕೂಗುತ್ತದಾ ಅಂತ ಮೊದಲ ದಿನವೇ ಒತ್ತಿ ನೋಡಿ. ಚಳಿ ಅಂತ ಒಲೆ ಹಚ್ಚಿ ಮಲಗುವುದು ಬೇಡವೇ ಬೇಡ. ಹೊರಡುವಾಗ ಸಿಲಿಂಡರ್ ಬಂದ್ ಮಾಡಿ. ಕಟಕ ರೊಟ್ಟಿ ಮನೆಯಿಂದಲೇ ಮಾಡಿ ಒಯ್ದರೆ ಅರ್ಧ ಕೆಲಸ ಉಳಿಯಿತು, ಶೇಂಗಾ ಚಟ್ನಿ ಇದ್ದರೆ ನಾಲ್ಕು ದಿನ ಒಲೆಯೇ ಬೇಡ.

ಎರಡನೆಯ ತೊಂದರೆ ಬಡಿಯುವುದು. ಟ್ರೇಲರ್ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ, ರೊಟ್ಟಿ ಬಡಿದರೆ ಇಡೀ ಮನೆ ಕುಣಿಯುತ್ತದೆ. ಮೊದಲು ಎಡ-ಬಲ ಮಟ್ಟ ನೋಡಿ, ಗಾಲಿಗೆ ಅಡ್ಡ ಕೊಡಿ, ಕಾರು ಬಿಚ್ಚಿ, ಮುಂದಿನ ಜಾಕಿನಿಂದ ಹಿಂದು-ಮುಂದು ಮಟ್ಟ ಮಾಡಿ, ಆಮೇಲೆ ನಾಲ್ಕು ಮೂಲೆಯ ಜಾಕ್ ನೆಲಕ್ಕೆ ತಾಗಿಸಿ ಬಿಗಿ ಮಾಡಿ. ಅವು ಗಾಡಿ ಎತ್ತಲಿಕ್ಕಲ್ಲ, ಅಲ್ಲಾಡದಂತೆ ಹಿಡಿಯಲಿಕ್ಕೆ ಮಾತ್ರ. ಮೊದಲ ರಾತ್ರಿ ನಾನು ಈ ಜಾಕ್ ಇಳಿಸಲು ಸೋಮಾರಿತನ ಮಾಡಿದ್ದೆ. ನಮ್ಮವಳು ಒಳಗೆ ಆರನೇ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದ ಟ್ರೇಲರ್‌ನ ಮುದುಕ ಟಾರ್ಚ್ ಹಿಡಿದು ಬಂದು, ಎಲ್ಲ ಕ್ಷೇಮವಾ ಅಂತ ಬಾಗಿಲು ಬಡಿದ. ಎರಡು ರೊಟ್ಟಿ, ಮೇಲೆ ಬೆಣ್ಣೆ ಇಟ್ಟು ಕೊಟ್ಟು ಕಳಿಸಿದೆವು. ಬೆಳಿಗ್ಗೆ ಅವನೇ ಬಂದು ಜಾಕ್ ಇಳಿಸಿ ಕೊಟ್ಟು, ಇವತ್ತು ರಾತ್ರಿಯೂ ಮಾಡುತ್ತೀರಾ ಅಂತ ಕೇಳಿದ.